ಸಿಲಿಂಡರ್ ತೆರೆಯದೆಯೇ ಸಿಕ್ಕ ಅಮೋನಿಯಾ

ಮಧ್ಯಾಹ್ನ ಪರಿಶೀಲನಾ ಸಭೆ. ಅಷ್ಟರೊಳಗೆ ಒಂದು ಒಳ್ಳೆಯ ಗ್ರಾಫ್ ತೆಗೆಯಬೇಕೆಂದು ಬೆಳಿಗ್ಗೆಯೇ ಕುಳಿತಿದ್ದೆ. ಚೇಂಬರಿನಲ್ಲಿ ಅಮೋನಿಯಾ ಅನಿಲವನ್ನು ಪತ್ತೆಹಚ್ಚುವ ಎರಡು ಸೆನ್ಸರ್ ಚಿಪ್‌ಗಳು. ಒಂದರಲ್ಲಿ ಇದ್ದಂತೆಯೇ ಬಿಟ್ಟ ಕಾರ್ಬನ್ ನ್ಯಾನೊಟ್ಯೂಬ್ (ಇಂಗಾಲದ ಅತಿ ಸೂಕ್ಷ್ಮ ನಳಿಕೆ), ಇನ್ನೊಂದರಲ್ಲಿ ಆಕ್ಸಿಜನ್ ಪ್ಲಾಸ್ಮಾಕ್ಕೆ, ಅಂದರೆ ವಿದ್ಯುದಾವೇಶ ತುಂಬಿದ ಆಕ್ಸಿಜನ್ನಿಗೆ, ಅರ್ಧ ನಿಮಿಷ ಒಡ್ಡಿದ್ದು. ಆ ಅರ್ಧ ನಿಮಿಷವನ್ನು ಕಂಡುಕೊಳ್ಳಲು ಮೂರು ವಾರ ಹಿಡಿದಿತ್ತು. ಸ್ವಲ್ಪ ಹೆಚ್ಚಾದರೆ ಪ್ಲಾಸ್ಮಾ ಟ್ಯೂಬನ್ನೇ ತಿಂದುಹಾಕುತ್ತದೆ; ಬೆಳಕು ಚೆದುರುವುದನ್ನು ನೋಡುವ ರಾಮನ್ ಪರೀಕ್ಷೆಯಲ್ಲಿ, ಟ್ಯೂಬಿನ ಹಾನಿಯನ್ನು ತೋರಿಸುವ ಡಿ ಶಿಖರ ಉಬ್ಬಿ ನಿಲ್ಲುತ್ತದೆ.

ಸಾಫ್ಟ್‌ವೇರಿಗೆ 10 ಪಿಪಿಎಂ (ಹತ್ತು ಲಕ್ಷದಲ್ಲಿ ಹತ್ತು ಪಾಲು) ಅಮೋನಿಯಾ ಎಂದು ಕೊಟ್ಟು ವಾಲ್ವ್ ತಿರುಗಿಸಿದೆ. ಪ್ಲಾಸ್ಮಾ ಚಿಪ್ಪಿನ ರೋಧ ಸರಸರನೆ ಏರಿತು. ಪಕ್ಕದ್ದು ಕದಲಲಿಲ್ಲ. ಪ್ಲಾಸ್ಮಾ ಕೂರಿಸಿದ ಕಾರ್ಬಾಕ್ಸಿಲ್ ಗುಂಪು ಅಮೋನಿಯಾವನ್ನು ಹಿಡಿಯಿತು, ಎಲೆಕ್ಟ್ರಾನ್ ಬಂತು, ಪಿ-ಮಾದರಿಯ ಟ್ಯೂಬಿನಲ್ಲಿ ವಿದ್ಯುತ್ ಒಯ್ಯುವ ಹೋಲ್‌ಗಳು (ಎಲೆಕ್ಟ್ರಾನ್ ಇಲ್ಲದ ಖಾಲಿ ಜಾಗಗಳು) ತಗ್ಗಿದವು: ಸ್ಲೈಡಿನ ವಾಕ್ಯಗಳು ತಲೆಯಲ್ಲಿ ಸಿದ್ಧವಾದವು. ಅನಿಲ ಬಿಡುವ ಎರಡನೆಯ ಸರದಿಗೆ, ಅಂದರೆ ಪಲ್ಸ್‌ಗೆ, ಏರಿಕೆ ಕಡಿಮೆ, ಮೂರನೆಯದಕ್ಕೆ ಇನ್ನೂ ಕಡಿಮೆ. ಸೆನ್ಸರ್ ತುಂಬಿಕೊಂಡಿದೆ ಎಂದು ಅದಕ್ಕೂ ಒಂದು ಕಾರಣ ಹೊಸೆದೆ.

ಹಿಂದೆ ನಿಂತಿದ್ದ ಟೆಕ್ನಿಷಿಯನ್ ಮೆಲ್ಲನೆ ಕೆಮ್ಮಿದರು. “ಮೇಡಂ, ಸಿಲಿಂಡರ್ ಇನ್ನೂ ತೆರೆದೇ ಇಲ್ಲವಲ್ಲ.”

ರೆಗ್ಯುಲೇಟರಿನ ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು. ನಮ್ಮ ಸಾಫ್ಟ್‌ವೇರ್ ತೋರಿಸುವುದು ನಾವು ಕೇಳಿದ ಹರಿವನ್ನು, ಬಂದ ಹರಿವನ್ನಲ್ಲ; ಎರಡು ಬಾರಿ ದೂರು ಕೊಟ್ಟಿದ್ದೇನೆ. ಆದರೂ ತಪ್ಪನ್ನೆಲ್ಲ ಅದರ ತಲೆಗೆ ಕಟ್ಟುವಂತಿಲ್ಲ. ಬರೀ ಒಣಗಾಳಿ ಹರಿಸಿ ನೋಡುವ ಖಾಲಿ ಪರೀಕ್ಷೆಯನ್ನು ಸಮಯವಿಲ್ಲವೆಂದು ಬಿಟ್ಟವಳು ನಾನೇ. ರಾತ್ರಿ ಪ್ಲಾಸ್ಟಿಕ್ ಕೊಳವೆಯ ಬಾಯಿ ಮುಚ್ಚದೆ ಹೋದವಳೂ ನಾನೇ. ಅದರೊಳಗೆ ಕುಳಿತ ತೇವವನ್ನು, ಅಮೋನಿಯಾ ಬೆರೆಸುವ ಲೈನಿನ ಒಣಗಾಳಿ ಚೇಂಬರಿಗೆ ತಳ್ಳಿತ್ತು. ಪಲ್ಸ್‌ನಿಂದ ಪಲ್ಸ್‌ಗೆ ಕೊಳವೆ ಒಣಗುತ್ತಾ ಬಂದಿತ್ತು, ಅಷ್ಟೇ. ಪ್ಲಾಸ್ಮಾ ಕೂರಿಸುವ ಆಕ್ಸಿಜನ್ ಗುಂಪುಗಳಿಗೆ ಅಮೋನಿಯಾದಷ್ಟೇ ನೀರೂ ಪ್ರಿಯ. ನೀರು ತಗುಲಿದರೂ ರೋಧ ಏರುತ್ತದೆ. ಮುಟ್ಟದೆ ಬಿಟ್ಟ ಚಿಪ್ ಸುಮ್ಮನಿದ್ದದ್ದು ಪ್ಲಾಸ್ಮಾದ ಗೆಲುವೆಂದು ಹಿಗ್ಗಿದ್ದೆ. ಅದಕ್ಕೆ ನೀರನ್ನು ಹಿಡಿಯಲು ಕೈಗಳೇ ಇರಲಿಲ್ಲ.

ಸಭೆಗೆ ಗ್ರಾಫಿಲ್ಲದೆ ಹೋದೆ. ಮರುದಿನ ಚಿಪ್‌ಗಳನ್ನು 150 ಡಿಗ್ರಿಯಲ್ಲಿ ಒಣಗಿಸಿ, ಖಾಲಿ ಪರೀಕ್ಷೆ ಮುಗಿಸಿ, ಸಿಲಿಂಡರ್ ತೆರೆದು ಅಳೆದೆ. ನಿಜವಾದ ಅಮೋನಿಯಾಕ್ಕೆ ಬಂದದ್ದು ಆ ಸುಳ್ಳು ಏರಿಕೆಯ ಮೂರನೆಯ ಒಂದು ಪಾಲು. ಸ್ಟೀಲ್ ಕೊಳವೆಗೆ ಬೇಡಿಕೆ ಸಲ್ಲಿಸಿದ್ದೇನೆ. ಪ್ಲಾಸ್ಟಿಕ್ಕಿನದರಲ್ಲೇ ಗ್ರಾಫ್ ಚೆನ್ನಾಗಿ ಬರುತ್ತಿತ್ತಲ್ಲ ಎಂದು ಮೇಲಿನವರು ಕೇಳಿದ್ದಾರೆ.