ಸೋನೆ ಮಳೆಗೆ ಫ್ರೀ ಡಿಶ್ ಹೋಗಬಾರದು

ಕಕ್ಕಡ ತಿಂಗಳಲ್ಲಿ ಟಿವಿ ಹೋದರೆ ಕೊಡಗಿನಲ್ಲಿ ಯಾರೂ ಕಾರಣ ಹುಡುಕುವುದಿಲ್ಲ. ಮಳೆಯಲ್ಲವಾ, ಹೋಗುತ್ತೆ ಎಂದು ಸುಮ್ಮನಾಗುತ್ತಾರೆ. ಭಾಗಮಂಡಲ, ಬಿರುನಾಣಿ ಕಡೆ ಧೋ ಎಂದು ಸುರಿಯುವಾಗ ಅದು ಸರಿಯೇ. ಆದರೆ ದಿನವಿಡೀ ಜಿನುಗುವ ಸೋನೆಗೂ ದೂರದರ್ಶನದ ಬಾಡಿಗೆಯಿಲ್ಲದ ಉಪಗ್ರಹ ಟಿವಿ ಡಿಡಿ ಫ್ರೀ ಡಿಶ್‌ನ ಪರದೆ ಕಪ್ಪಾಗುತ್ತಿದ್ದರೆ ತಪ್ಪು ಮಳೆಯದಲ್ಲ. ಡಿಶ್ಶಿನದು, ಕೇಬಲ್ಲಿನದು, ಇಲ್ಲವೇ ಪಕ್ಕದ ಸಿಲ್ವರ್ ಓಕ್ ಮರದ್ದು.

ಲೆಕ್ಕ ನೋಡಿ. ಫ್ರೀ ಡಿಶ್ ಸಿಗ್ನಲ್ ಬರುವುದು ಸುಮಾರು 11 ಗಿಗಾಹರ್ಟ್ಸ್‌ನಲ್ಲಿ. ಗಂಟೆಗೆ 5 ಮಿಲಿಮೀಟರ್ ಮಳೆಯಾದರೆ ಆ ಸಿಗ್ನಲ್ ಕಿಲೋಮೀಟರಿಗೆ ಕಳೆದುಕೊಳ್ಳುವುದು 0.1 ಡೆಸಿಬೆಲ್ (ಸಿಗ್ನಲ್ ಬಲದ ಏರಿಳಿತದ ಅಳತೆ) ಆಸುಪಾಸು. 50 ಮಿಲಿಮೀಟರ್ ಆದರೆ ಕಿಲೋಮೀಟರಿಗೆ ಸುಮಾರು 2 ಡೆಸಿಬೆಲ್. ಮಳೆಯೊಳಗೆ ಅದು ಹಾದು ಬರುವ ದಾರಿ ನಾಲ್ಕೈದು ಕಿಲೋಮೀಟರ್. ಅಂದರೆ ಸೋನೆಯಲ್ಲಿ ನಷ್ಟ ಅರ್ಧ ಡೆಸಿಬೆಲ್, ಜೋರು ಮಳೆಯಲ್ಲಿ ಎಂಟು, ಒಂಬತ್ತು. ಮೊದಲನೆಯದನ್ನು ಯಾವ ಡಿಶ್ ಆದರೂ ತಡೆದುಕೊಳ್ಳಬೇಕು. ಎರಡನೆಯದಕ್ಕೆ ಕಾಯುವುದೇ ಮದ್ದು. ಆಗ ಡಿಶ್ ತಿರುಗಿಸಲು ಏಣಿ ಹತ್ತಬೇಡಿ. ಮಳೆಯಲ್ಲಿ ತಿರುಗಿಸಿದ ಡಿಶ್ ಬಿಸಿಲು ಬಂದ ಮೇಲೂ ಸರಿಯಾಗುವುದಿಲ್ಲ.

ಹಳೆಯ ಮೀನುಮುಳ್ಳಿನ ಆಂಟೆನಾ ಮತ್ತೆ ಹಾಕಬಹುದೇ ಎಂದು ಕೇಳುವವರಿದ್ದಾರೆ. ಪ್ರಯೋಜನವಿಲ್ಲ. ದೂರದರ್ಶನ ತನ್ನ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು ಹಂತಹಂತವಾಗಿ ಮುಚ್ಚಿತು. ನೆಲದ ಮೇಲಿನ ಡಿಜಿಟಲ್ ಪ್ರಸಾರ ಶುರುವಾದದ್ದು ಬೆಂಗಳೂರಿನಂಥ ಕೆಲವೇ ನಗರಗಳಲ್ಲಿ. ನಮಗೆ ತಿಂಗಳ ಬಾಡಿಗೆಯಿಲ್ಲದ ಟಿವಿ ಎಂದರೆ ಉಪಗ್ರಹದ್ದೇ.

ಆ ಉಪಗ್ರಹ ಜಿಸ್ಯಾಟ್-15, 93.5 ಡಿಗ್ರಿ ಪೂರ್ವದಲ್ಲಿದೆ. ಮಡಿಕೇರಿಯಿಂದ ನೋಡಿದರೆ ಉತ್ತರದಿಂದ ಪ್ರದಕ್ಷಿಣೆಯಾಗಿ 124 ಡಿಗ್ರಿ, ಅಂದರೆ ಆಗ್ನೇಯ. ಎತ್ತರ 65 ಡಿಗ್ರಿ, ಬಹುತೇಕ ನೆತ್ತಿಯ ಹತ್ತಿರ. ಜಿಲ್ಲೆಯೊಳಗೆ ಎಲ್ಲಿ ಹೋದರೂ ಈ ಅಂಕಿ ಒಂದು ಡಿಗ್ರಿಯೂ ಬದಲಾಗದು. ಮನೆಗಳಲ್ಲಿರುವುದು ಆಫ್‌ಸೆಟ್ ಡಿಶ್, ಅಂದರೆ ಮುಖ ಮಾಡಿದ ದಿಕ್ಕಿಗಿಂತ ಮೇಲಿನಿಂದ ಸಿಗ್ನಲ್ ಹಿಡಿಯುವಂಥದ್ದು, ಆದ್ದರಿಂದ ಕಣ್ಣಿಗೆ ಅದು ನಲವತ್ತು ಡಿಗ್ರಿಯಷ್ಟೇ ಮೇಲೆ ನೋಡುತ್ತಿರುವಂತೆ ಕಾಣುತ್ತದೆ. ಮರ ಅಡ್ಡ ಇದೆಯೇ ಎಂದು ಅದರ ವಾಲಿಕೆ ನೋಡಿ ಅಂದಾಜು ಮಾಡಿದರೆ ಮೋಸ ಹೋಗುತ್ತೀರಿ.

ಮರದ ಲೆಕ್ಕ ಸುಲಭ. ಡಿಶ್ಶಿನಿಂದ ಆಗ್ನೇಯಕ್ಕೆ ಹತ್ತು ಅಡಿ ದೂರದಲ್ಲಿರುವ ಮರ ಡಿಶ್ಶಿಗಿಂತ 21 ಅಡಿ ಎತ್ತರದವರೆಗೆ ಇರಬಹುದು. ಅರವತ್ತು ಅಡಿಯ ಸಿಲ್ವರ್ ಓಕ್‌ಗೆ 28 ಅಡಿ ದೂರ ಬೇಕು, ಕೊಂಬೆಯ ಹರವಿಗೆ ಇನ್ನಷ್ಟು. ಬೇಸಿಗೆಯಲ್ಲಿ ಒಣ ಎಲೆಗಳ ಸಂದಿನಿಂದ ಹೇಗೋ ತೂರಿ ಬರುವ ಸಿಗ್ನಲ್, ಎಲೆ ನೆನೆದ ಕೂಡಲೇ ನಿಂತುಹೋಗುತ್ತದೆ. 'ಸಣ್ಣ ಮಳೆಗೂ ಹೋಗುತ್ತದೆ' ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇದೇ. ಮಳೆಗಾಲಕ್ಕೆ ಮುಂಚೆ ತೋಟದಲ್ಲಿ ಮರ ಕಪಾತು ಮಾಡಿಸುವಾಗ ಆ ಒಂದು ಕೊಂಬೆಯನ್ನೂ ತೋರಿಸಿಬಿಡಿ.

ದಿಕ್ಸೂಚಿಯಿಲ್ಲದೆ ಪರೀಕ್ಷಿಸಲು ಒಂದು ಉಪಾಯವಿದೆ. ಮಾರ್ಚ್ ಮಧ್ಯದಲ್ಲಿ ಮತ್ತು ಸೆಪ್ಟೆಂಬರ್ ಕೊನೆಯ ದಿನಗಳಲ್ಲಿ ಬೆಳಿಗ್ಗೆ ಹನ್ನೊಂದರ ಆಸುಪಾಸಿಗೆ ಸೂರ್ಯ ಸರಿಯಾಗಿ ಈ ಉಪಗ್ರಹದ ಹಿಂದೆ ಹಾದುಹೋಗುತ್ತಾನೆ. ಆ ಹೊತ್ತಿಗೆ ಡಿಶ್ಶಿನ ಮೇಲೆ ಎಲೆಯ ನೆರಳು ಬೀಳದೆ ಪೂರ್ತಿ ಬಿಸಿಲಿದ್ದರೆ ದಾರಿ ಖಾಲಿ ಇದೆ ಎಂದೇ ಅರ್ಥ. ಅದೇ ದಿನಗಳಲ್ಲಿ ಕೆಲವು ನಿಮಿಷ ಟಿವಿ ತಾನಾಗಿ ಹೋಗಿ ಬರುತ್ತದೆ. ಸೂರ್ಯನ ಗದ್ದಲ ಸಿಗ್ನಲ್ಲನ್ನು ಮುಳುಗಿಸುವುದರಿಂದ ಹೀಗಾಗುತ್ತದೆ, ರಿಪೇರಿ ಬೇಕಿಲ್ಲ.

ಉಪಗ್ರಹ ಇಷ್ಟು ಮೇಲಿರುವಾಗ ಡಿಶ್ಶನ್ನು ಹಂಚಿನ ಮಾಡಿನ ಮೇಲೆ ಏರಿಸುವುದು ಏಕೋ ನನಗೆ ಅರ್ಥವಾಗಿಲ್ಲ. ಮನೆಯ ಪೂರ್ವಕ್ಕೆ, ಸೂರಿನಿಂದ ಆಚೆ ಅಂಗಳದಲ್ಲಿ ಒಂದೂವರೆ ಇಂಚಿನ ಜಿಐ ಪೈಪನ್ನು ಎರಡು ಅಡಿ ಕಾಂಕ್ರೀಟಿನಲ್ಲಿ ಹೂತು ಅಲ್ಲಿ ನಿಲ್ಲಿಸಿ. ಪಶ್ಚಿಮದ ಗಾಳಿಯನ್ನು ಮನೆಯೇ ತಡೆಯುತ್ತದೆ, ಒರೆಸಲು ಏಣಿ ಬೇಡ. ಕಂಬ ಕಟ್ಟುನಿಟ್ಟಾಗಿ ನೆಟ್ಟಗಿರಲಿ. ಆನೆ ಓಡಾಡುವ ಕಾಡಂಚಿನ ತೋಟಗಳಲ್ಲಿ ಮಾತ್ರ ಗೋಡೆಯೇ ವಾಸಿ.

ಸಿಗ್ನಲ್ ಹೋದಾಗ ಮೊದಲು ಬಾಕ್ಸಿನ ಮೆನುವಿನಲ್ಲಿ ಎರಡು ಪಟ್ಟಿ ನೋಡಿ. ಸ್ಟ್ರೆಂತ್ ಇದ್ದು ಕ್ವಾಲಿಟಿ ಸೊನ್ನೆಯಾದರೆ ಡಿಶ್ ಸರಿದಿದೆ, ಮರ ಅಡ್ಡವಿದೆ ಅಥವಾ ಮಳೆ ಜೋರಿದೆ. ಎರಡೂ ಸೊನ್ನೆಯಾದರೆ ಕೇಬಲ್, ಕನೆಕ್ಟರ್ ಅಥವಾ ಎಲ್‌ಎನ್‌ಬಿ (ಡಿಶ್ಶಿನ ಮುಂದೆ ತೋಳಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಭಾಗ) ಕೆಟ್ಟಿದೆ. ಮಲ್ಟಿಮೀಟರ್ ಇದ್ದರೆ ಎಲ್‌ಎನ್‌ಬಿ ತುದಿಯಲ್ಲಿ ಕೇಬಲ್ ಬಿಚ್ಚಿ, ನಡುವಿನ ತಂತಿಗೂ ಅದರ ಸುತ್ತಲಿನ ಎಳೆತಂತಿಯ ಹೆಣಿಗೆಗೂ ಹಿಡಿಯಿರಿ. 13ರಿಂದ 18 ವೋಲ್ಟ್ ಬರಬೇಕು. ಬಂದೂ ಸಿಗ್ನಲ್ ಇಲ್ಲವೆಂದರೆ ಎಲ್‌ಎನ್‌ಬಿಯ ಮೇಲೆ ಅನುಮಾನ. ಬಾರದಿದ್ದರೆ ಕೇಬಲ್ ಎಲ್ಲೋ ತುಂಡಾಗಿದೆ ಅಥವಾ ಕನೆಕ್ಟರಿನೊಳಗೆ ಹೆಣಿಗೆಯ ಒಂದೆಳೆ ನಡುತಂತಿಗೆ ತಾಗಿದೆ.

ಕೊಡಗಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಡುವುದು ಆ ಎಲ್‌ಎನ್‌ಬಿ ತುದಿಯ ಎಫ್ ಕನೆಕ್ಟರ್. ತಿರುಪಿ ಹಾಕುವ ಅಗ್ಗದ ಕನೆಕ್ಟರಿನೊಳಗೆ ನೀರು ಇಳಿದು ಹೆಣಿಗೆಯ ಉದ್ದಕ್ಕೂ ಹರಿಯುತ್ತದೆ, ತಂತಿ ಕಪ್ಪಾಗುತ್ತದೆ. ಒಂದಡಿ ಕತ್ತರಿಸಿ ನೋಡಿ. ಹೊಳೆಯುವ ತಂತಿ ಸಿಕ್ಕಿತೋ, ಅಲ್ಲಿಂದ ಹೊಸ ಕನೆಕ್ಟರ್ ಹಾಕಿ. ಇನ್ನೂ ಕಪ್ಪಿದ್ದರೆ ಆರ್‌ಜಿ-6 ಕೇಬಲ್ಲನ್ನೇ ಬದಲಿಸಿ. ಒತ್ತಿ ಕೂರಿಸುವ ಕಂಪ್ರೆಶನ್ ಕನೆಕ್ಟರೇ ಇರಲಿ. ನಡುತಂತಿ ಅದರ ಅಂಚಿನಿಂದ ಎರಡು ಮೂರು ಮಿಲಿಮೀಟರ್ ಮಾತ್ರ ಹೊರಗಿರಲಿ. ಎಲೆಕ್ಟ್ರಿಶಿಯನ್ನರ ಕಪ್ಪು ಟೇಪ್ ಒಂದೇ ಮಳೆಗಾಲಕ್ಕೆ ಅಂಟು ಬಿಟ್ಟು ನೀರನ್ನು ಒಳಗೇ ಹಿಡಿದಿಡುತ್ತದೆ, ಅದರ ಬದಲು ತನಗೆ ತಾನೇ ಅಂಟುವ ರಬ್ಬರ್ ಟೇಪ್ ಸುತ್ತಿ. ಕೇಬಲ್ ಗೋಡೆಯೊಳಗೆ ಹೋಗುವ ಮುಂಚೆ ಒಮ್ಮೆ ಕೆಳಗೆ ಬಾಗಿ ಮೇಲೇರಲಿ, ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಎಲ್‌ಎನ್‌ಬಿಯ ಮುಂದಿನ ಪ್ಲಾಸ್ಟಿಕ್ ಮುಚ್ಚಳ ಬಿರಿದಿದ್ದರೆ ಅಂಟು ಹಚ್ಚುವ ಗೋಜಿಗೆ ಹೋಗದೆ ಹೊಸದನ್ನೇ ತನ್ನಿ. ಕಣಜ ಗೂಡು ಕಟ್ಟಿದೆಯೇ ಎಂದೂ ನೋಡಿ.

ಡಿಶ್ ಹೊಸದಾಗಿ ಹೊಂದಿಸುವಾಗ ಬ್ರಾಕೆಟ್ಟಿನ ಅಳತೆಯಲ್ಲಿ 65ಕ್ಕೆ ಇಟ್ಟು, ಆಗ್ನೇಯದ ಆಚೀಚೆ ಕೂದಲೆಳೆಯಷ್ಟು ತಿರುಗಿಸುತ್ತಾ ಕ್ವಾಲಿಟಿ ನೋಡಿ. ಮೆನುವಿನಲ್ಲಿ ಎಲ್‌ಎನ್‌ಬಿ ಯುನಿವರ್ಸಲ್, 9750/10600. ಹೆಚ್ಚಿನವರು ಬಿಡುವ ಕೆಲಸವೆಂದರೆ ಎಲ್‌ಎನ್‌ಬಿಯನ್ನು ಅದರ ಹಿಡಿಕೆಯಲ್ಲೇ ತಿರುಗಿಸಿ ನೋಡುವುದು. ಉಪಗ್ರಹ ನಮಗೆ ನೇರ ದಕ್ಷಿಣದಲ್ಲಿಲ್ಲ, ಹಾಗಾಗಿ ಎಲ್‌ಎನ್‌ಬಿ ನೆಟ್ಟಗೆ ಕೂತರೆ ಸಾಲದು, ಸಾಕಷ್ಟು ವಾಲಬೇಕು. ಮಳೆಗೆ ಉಳಿಯುವ ಬಲ ಇಲ್ಲೇ ಸೋರಿಹೋಗುವುದು.

60 ಸೆಂಟಿಮೀಟರ್ ಡಿಶ್ ಕುಶಾಲನಗರಕ್ಕೆ ಸಾಕು. ತಲಕಾವೇರಿ, ಶಾಂತಳ್ಳಿ ಕಡೆಗೆ 90 ಹಾಕಿಸಿ. ವಿಸ್ತೀರ್ಣ ಎರಡೂಕಾಲು ಪಟ್ಟು, ಸುಮಾರು 3.5 ಡೆಸಿಬೆಲ್ ಹೆಚ್ಚು. ಕುಂಭದ್ರೋಣಕ್ಕೆ ಅದೂ ಸೋಲುತ್ತದೆ, ಆದರೆ ಬೇಗ ಚೇತರಿಸಿಕೊಳ್ಳುತ್ತದೆ. ಗುರಿ ಮಾತ್ರ ಇನ್ನಷ್ಟು ನಿಖರವಾಗಿರಬೇಕು. ಟಿವಿ ಇಲ್ಲದ ಹೊತ್ತಿಗೆ ಸುದ್ದಿ ಬೇಕಾದರೆ ಬ್ಯಾಟರಿ ರೇಡಿಯೊದಲ್ಲಿ ಮಡಿಕೇರಿ ಆಕಾಶವಾಣಿ, 103.1. ಎಫ್‌ಎಂ ತರಂಗಕ್ಕೆ ಮಳೆ ಲೆಕ್ಕಕ್ಕೇ ಇಲ್ಲ.

ಸಿಗ್ನಲ್ ಚೆನ್ನಾಗಿದ್ದೂ ಒಂದೆರಡು ಚಾನೆಲ್ ಮಾತ್ರ ಕಾಣೆಯಾದರೆ ಡಿಶ್ ಮುಟ್ಟಬೇಡಿ. ಖಾಸಗಿ ಚಾನೆಲ್‌ಗಳ ಜಾಗವನ್ನು ಪ್ರಸಾರ ಭಾರತಿ ಹರಾಜು ಹಾಕುತ್ತದೆ, ಏಪ್ರಿಲ್ ಸುಮಾರಿಗೆ ಪಟ್ಟಿ ಬದಲಾಗುತ್ತದೆ. ಆಟೊ ಸ್ಕ್ಯಾನ್ ಕೊಟ್ಟರೆ ಆಯಿತು. ಆದರೆ ಮೋಡ ತೆರೆದ ದಿನ ಕೊಡಿ. ಜೋರು ಮಳೆಯಲ್ಲಿ ಸ್ಕ್ಯಾನ್ ಮಾಡಿದರೆ ಕೆಲವು ಬಾಕ್ಸುಗಳು ಇದ್ದ ಚಾನೆಲ್‌ಗಳನ್ನೂ ಅಳಿಸಿ ಕೂರುತ್ತವೆ.