ಅಪ್ಪನ ಕುತ್ತಿಗ್ಯಾಗಿನ ಪೈಪು

ನಮ್ಮಪ್ಪಗ 2013ರಾಗ ಎಡಗಲ್ಲದ ಕ್ಯಾನ್ಸರ್ ಆಗಿತ್ತು. ಗದಗದಾಗ ಮೋಟರ್ ವೈಂಡಿಂಗ್ ಅಂಗಡಿ ನಮ್ದು, ಕುಂತಲ್ಲೇ ಕೆಲಸ, ಬಾಯಾಗ ಸದಾ ಎಲಿ ಅಡಿಕಿ ತಂಬಾಕ. ಆಪರೇಷನ್ ಆತು, ಆಮ್ಯಾಲ ಹುಬ್ಬಳ್ಳ್ಯಾಗ ಕರೆಂಟ್ ಕೊಟ್ರು. ರೇಡಿಯೇಷನ್ ಅಂತ ನಮ್ಮ ಕಡೆ ಯಾರ್ ಅಂತಾರ, ಎಲ್ಲಾರ ಬಾಯಾಗೂ ಕರೆಂಟೇ. ಸೋಮವಾರದಿಂದ ಶುಕ್ರವಾರ, ದಿನಕ್ಕ 2 ಗ್ರೇ ಹಂಗ 30 ಸಲ, ಗ್ರೇ ಅಂದ್ರ ಕರೆಂಟ್ ಅಳಿಯೋ ಲೆಕ್ಕ. ಬಿಸಿನೀರಾಗ ಮೆತ್ತಗ ಮಾಡಿದ ಪ್ಲಾಸ್ಟಿಕ್ ಜಾಳಿಗಿ ಮುಖಕ್ಕ ಒತ್ತಿ ಅಚ್ಚು ತಗೊಂಡು, ದಿನಾ ಅದನ್ನ ಹಾಕಿ ಟೇಬಲ್ಲಿಗೆ ಬಿಗಿಯೋರು. ಆ ಆರು ವಾರ ಪಾಳಿ ಹಚ್ಚಿ ಕುಂತು ಕುಂತು ಅಪ್ಪಗ ನಾಕ್ ಮಂದಿ ದೋಸ್ತರಾದ್ರು, ಅವರ ನಂಬರ್ ಎಲ್ಲಾ ‘ಕರೆಂಟ್ ಬ್ಯಾಡಗಿ’, ‘ಕರೆಂಟ್ ನವಲಗುಂದ’ ಅಂತ ಸೇವ್ ಮಾಡ್ಕೊಂಡಾನ.

ಮುಂದ ಹತ್ತ ವರ್ಷ ಚೆಕಪ್ಪಿಗೆ ಹೋದಾಗೆಲ್ಲಾ ಬಾಯಿ ತಗೀರಿ ಅನ್ನೋರು, ಕುತ್ತಿಗ್ಯಾಗ ಗಂಟು ಅದಾವೇನಂತ ಒತ್ತಿ ನೋಡೋರು, ಏನೂ ಇಲ್ಲ ಅಂದಕೂಡ್ಲೆ ನಾನು ಅವ್ವ ಖುಷೀಲೆ ಗಿರ್ಮಿಟ್ ತಿಂದು ರೈಲ್ ಹತ್ತತಿದ್ವಿ. ಅಪ್ಪಂದು ಬಾಯಿ ಎರಡ ಬೆರಳಷ್ಟ ತಗೀತೈತಿ, ಅವಗ ಚಾ.

ಆಮ್ಯಾಲೊಂದಿನ ಅಂಗಡ್ಯಾಗ ಎಡಗಣ್ಣಿಗೆ ಪರದೆ ಇಳಿಬಿಟ್ಟಂಗಾತಂತ, ಐದ್ ನಿಮಿಷಕ್ಕ ಸರಿ ಹೋತು. ಕಣ್ಣಿನ ಡಾಕ್ಟ್ರು ಪೊರಿ ಬರಾಕತ್ತೇತಿ ಅಂತ ಡ್ರಾಪ್ಸ್ ಬರಕೊಟ್ರು. ವಾರ ಆಗೂದ್ರಾಗ ಬಲಗೈಯಾಗಿನ ಪಕ್ಕಡ ಜಾರಿ ಬಿತ್ತು, ಬಗ್ಗಿ ಎತ್ತಾಕ ಹೋದ್ರ ಬೆರಳು ಹಿಡೀವಲ್ವು. ಅದೂ ಹತ್ತ ನಿಮಿಷಕ್ಕ ಸರಿ ಹೋತು ಅಂತ ಮನ್ಯಾಗ ಹೇಳೇ ಇಲ್ಲ ಪುಣ್ಯಾತ್ಮ, ಅಂಗಡಿ ಹುಡುಗ ಹೇಳಿದ್ದು.

ಮರುದಿನ ಹುಬ್ಬಳ್ಳಿಗೆ ಎಳಕೊಂಡು ಹೋದೆ. ಅಲ್ಲಿ ಡಾಕ್ಟ್ರು ಎರಡೂ ಕತಿ ಕೇಳಿದ್ರು, ಕೇಳಿ ಸ್ಟೆತಾಸ್ಕೋಪ್ ಎದಿಗೆ ಇಡಲಿಲ್ಲ, ಕುತ್ತಿಗಿಗೆ ಇಟ್ರು. ಉಸಿರು ಹಿಡೀರಿ ಅಂದ್ರು. ಎಡಗಡೆ ಬಹಳೊತ್ತು ಕೇಳಿ, ‘ಯಜಮಾನ್ರ, ಹಿಂದ ಇಲ್ಲಿ ಕರೆಂಟ್ ತಗೊಂಡೀರೇನು?’ ಕುತ್ತಿಗ್ಯಾಗ ಹಾಯ್ದು ಹೋಗೋ ಕೆರೋಟಿಡ್ ನಾಳ ಮಿದುಳಿಗೂ ಕಣ್ಣಿಗೂ ರಕ್ತ ಒಯ್ತೈತಂತ, ಕರೆಂಟ್ ಗಂಟಿನ ಜೋಡಿ ಅದರ ಒಳಪದರನೂ ಕೆಡಿಸಿರತೈತಿ, ಅಲ್ಲೆ ಕೊಬ್ಬು ಕೂಡಕೋತ ದಪ್ಪ ಆಕ್ಕೋತ ಹೋಗಿ ವರ್ಷಾನುಗಟ್ಟಲೆ ಆದಮ್ಯಾಲ ತೋರಿಸ್ಕೋತೈತಿ. ಅಲ್ಲಿಂದ ಸಣ್ಣ ಚೂರು ಮ್ಯಾಲೆ ಹಾರಿದ್ರ ಅದೇ ಕಡೆ ಕಣ್ಣು ಮಂಕಾಗ್ತೈತಿ, ಕೈ ಮಾತ್ರ ಎದುರು ಕಡೇದು. ಎಡಗಣ್ಣು, ಬಲಗೈ. ಹತ್ತ ವರ್ಷ ಬಾಯಿ ನೋಡಿದ್ದೇ ನೋಡಿದ್ದು, ಈ ಮಾತು ಒಬ್ರಾದ್ರೂ ಅಂದಿದ್ರ ಅಂತ ನನಗ ಸಿಟ್ಟು ಬಂತು, ಈಗ್ಲೂ ಐತಿ.

ಅವತ್ತೇ ಡಾಪ್ಲರ್, ನಾಳದಾಗ ರಕ್ತ ಹೆಂಗ ಓಡ್ತೈತಿ ಅಂತ ನೋಡೋ ಸ್ಕ್ಯಾನು. ಕರೆಂಟ್ ತಗೊಂಡ ಕುತ್ತಿಗಿ ಚಕ್ಕಳದಂಗ ಬಿರುಸಾಗೇತಿ, ಜೆಲ್ ಹಚ್ಚಿ ಹಚ್ಚಿ ಮಶಿನ್ ಕೂಡಿಸೂದ್ರಾಗ ಆ ಡಾಕ್ಟರಮ್ಮಗ ಸಾಕಾತು. ಮೊದಲ ಬಲಗಡೆ, ಸೊಂಯ್ ಸೊಂಯ್ ಅಂತ ಮೆತ್ತಗ ಸಪ್ಪಳ. ಎಡಗಡೆ ಇಟ್ಟಕೂಡ್ಲೆ ಸ್ಕ್ರೀನ್ ಮ್ಯಾಲೆ ಕೆಂಪು ಹೋಗಿ ಹಳದಿ ಹಸರು ಕಲಸಿದಂಗಾತು, ಸಪ್ಪಳ ಅಂದ್ರ ಶಿಳ್ಳಿ ಹೊಡದಂಗ. ಅಪ್ಪ ಮಲಕೊಂಡಲ್ಲಿಂದನ, ‘ಯವ್ವಾ, ಇದು ಪೈಪ್ ಕಟ್ಟೇತಿ ನೋಡು’ ಅಂದ. ಡಾಕ್ಟರಮ್ಮ ನಕ್ಕಬಿಟ್ರು. ಪೈಪಿನ ಬಾಯಿ ಬೆರಳಲೆ ಒತ್ತಿದ್ರ ನೀರು ಚಿಮ್ತೈತಲ್ಲ, ಅದೇ ಲೆಕ್ಕ, ಸಣ್ಣಾದಲ್ಲಿ ರಕ್ತದ ಓಟ ಜೋರಾಗ್ತೈತಿ. ಬಲಗಡೆ ಸೆಕೆಂಡಿಗೆ 80 ಸೆಂಟಿಮೀಟರ್ ಇದ್ದದ್ದು ಎಡಗಡೆ 260. 230 ದಾಟಿದ್ರ ನಾಳ 70 ಪರ್ಸೆಂಟ್ ಮ್ಯಾಲೆ ಕಟ್ಟೇತಿ ಅಂತ ಹಿಡೀತಾರಂತ.

ಮುಂದ ನಾಳಕ್ಕ ಔಷಧ ಬಿಟ್ಟು ಫೋಟೋ ತಗಿಯೋ ಸಿಟಿ ಆಂಜಿಯೋ, ಅದಕ್ಕೂ ಮೊದಲ ಕಿಡ್ನಿ ನೋಡಾಕ ಕ್ರಿಯಾಟಿನಿನ್ ಅನ್ನೋ ರಕ್ತಪರೀಕ್ಷೆ, ಆಮ್ಯಾಲ ತೊಡಿ ಸಂದಿಯಿಂದ ಹಾಕಿದ ಸ್ಟೆಂಟ್, ಅಂದ್ರ ನಾಳ ಅಗಲ ಮಾಡಿ ಹಿಡಿಯೋ ಜಾಳಿಗಿ ಕೊಳವಿ. ಕರೆಂಟ್ ತಗೊಂಡ ಕುತ್ತಿಗಿ ಮತ್ತ ಕೊಯ್ಯೂದು ಬ್ಯಾಡ ಅಂದ್ರು. ಈಗ ರಕ್ತ ತೆಳು ಮಾಡೋ ಗುಳಿಗಿ ಎರಡು, ಕೊಲೆಸ್ಟ್ರಾಲಿಂದೊಂದು.

ಮನಿಗೆ ಬಂದ ಮೂರನೇ ದಿನ ಅಪ್ಪ ಚಷ್ಮಾ ಹಾಕ್ಕೊಂಡು ಫೋನ್ ಹಿಡಕೊಂಡು ಕುಂತ. ನವಲಗುಂದದ ನಂಬರ್ ಅವರ ಮಗ ಎತ್ತಿದ, ಅಪ್ಪ ಒಂದ ನಿಮಿಷ ಸುಮ್ನ ಇದ್ದು ಇಟ್ಟಬಿಟ್ಟ. ಬ್ಯಾಡಗಿಯೋರು ಸಿಕ್ರು. ಆರಾಮೇನು ಅಂತನೂ ಕೇಳಲಿಲ್ಲ ನಮ್ಮಪ್ಪ, ‘ಏ ಮಾರಾಯಾ, ನಿಂಗ ಯಾವ ಕಡೆ ಕರೆಂಟ್ ಕೊಟ್ಟಿದ್ರು, ಎಡಕ್ಕೋ ಬಲಕ್ಕೋ?’