ಸ್ವಿಮ್‌ಬೈಟ್‌ಗೆ ಯಾವ ರೀಲ್? ಇಲ್ಲಿಯವರೆಗಿನ ಅಳತೆ, ಲೆಕ್ಕ, ಆಯ್ಕೆ

ಗಾಳ ಹಾಕಿ ಮೀನು ಹಿಡಿಯುವಾಗ ದೊಡ್ಡ ಸ್ವಿಮ್‌ಬೈಟ್ (ಈಜುವ ಮೀನಿನಂತೆ ಕಾಣುವ ನಕಲಿ ಆಹಾರ) ಎಸೆಯಲು ಒಂದು ಬೈಟ್‌ಕಾಸ್ಟಿಂಗ್ ರೀಲ್ (ಎಸೆದಾಗ ದಾರದ ಉರುಳೆ, ಅಂದರೆ ಸ್ಪೂಲ್, ತಾನೂ ತಿರುಗುವ ರೀಲ್) ಆರಿಸುವ ಕೆಲಸ ಈಗ ಒಂದು ಹಂತಕ್ಕೆ ಬಂದಿದೆ. ಏನೇನು ಅಳೆದೆ, ಯಾವುದನ್ನು ಯಾಕೆ ಬಿಟ್ಟೆ ಅಂತ ಬರೆದಿಡುತ್ತಿದ್ದೇನೆ. ಇದೇ ಗೊಂದಲದಲ್ಲಿ ಇರುವವರಿಗೆ ಉಪಯೋಗಕ್ಕೆ ಬರಬಹುದು.

ಲೂರ್ ಮೊದಲು, ರೀಲ್ ಆಮೇಲೆ

ರೀಲ್ ನೋಡುವ ಮುಂಚೆ ಲೂರ್‌ಗಳನ್ನೆಲ್ಲ (ಮೀನನ್ನು ಸೆಳೆಯುವ ನಕಲಿ ಆಹಾರಗಳನ್ನು) ತಕ್ಕಡಿ ಮೇಲಿಟ್ಟೆ. ಸ್ವಿಮ್‌ಬೈಟ್ ಅನ್ನೋ ಒಂದೇ ಹೆಸರಿನಡಿ ಎಷ್ಟೊಂದು ತೂಕಗಳಿವೆ ನೋಡಿ. ಜಿಗ್‌ಹೆಡ್ (ಭಾರದ ತಲೆಯಿರುವ ಗಾಳ) ಹಾಕಿದ ಸಣ್ಣ ಪ್ಯಾಡಲ್‌ಟೇಲ್ (ಅಗಲ ಬಾಲದ ಮೆತ್ತನೆ ಲೂರ್) 30 ಗ್ರಾಂ ಒಳಗೇ ಇದೆ. ರಿವರ್2ಸೀ ಎಸ್-ವೇವರ್ 168ರಂಥ ಗ್ಲೈಡ್‌ಬೈಟ್ (ಎಡಕ್ಕೆ ಬಲಕ್ಕೆ ಜಾರುತ್ತಾ ಬರುವ ಗಟ್ಟಿ ಲೂರ್) 45 ಗ್ರಾಂ ಆಸುಪಾಸು. ಅದಕ್ಕಿಂತ ದೊಡ್ಡ ಗ್ಲೈಡ್‌ಬೈಟ್‌ಗಳು 100 ಗ್ರಾಂ ದಾಟುತ್ತವೆ. ಎಂಟು ಇಂಚಿನ, ಟ್ರೌಟ್ ಮೀನಿನ ಆಕಾರದ ಮೆತ್ತನೆ ಲೂರ್ 150 ಗ್ರಾಂ ದಾಟುತ್ತೆ.

ಈ ದೊಡ್ಡ ಲೂರ್‌ಗಳ ಆಟ ಬೆಳೆದದ್ದೇ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿನ ಜಲಾಶಯಗಳಿಗೆ ರೇನ್‌ಬೋ ಟ್ರೌಟ್ ತಂದು ಬಿಡುತ್ತಿದ್ದರು. ಅವನ್ನು ತಿಂದು ಲಾರ್ಜ್‌ಮೌತ್ ಬಾಸ್ ಮೀನುಗಳು ಭಾರೀ ಗಾತ್ರಕ್ಕೆ ಬೆಳೆದವು. ಟ್ರೌಟ್ ತಿನ್ನುವ ಮೀನು ಹಿಡಿಯಬೇಕಾದರೆ ಟ್ರೌಟ್ ಗಾತ್ರದ ಲೂರ್ ಬೇಕು ತಾನೇ. ಆದರೆ ಸಾಮಾನ್ಯ ಬಾಸ್ ರೀಲ್‌ಗಳು ಹೆಚ್ಚಾಗಿ 10ರಿಂದ 30 ಗ್ರಾಂ ಲೂರ್‌ಗಳನ್ನು ಮನಸ್ಸಿನಲ್ಲಿಟ್ಟು ಮಾಡಿದವು. ತೊಡಕು ಶುರುವಾಗುವುದೇ ಇಲ್ಲಿ.

ನಾನು ಜಾಸ್ತಿ ಎಸೆಯುವುದು 45ರಿಂದ 110 ಗ್ರಾಂ ಗ್ಲೈಡ್‌ಬೈಟ್. 150 ಗ್ರಾಂನದು ಆಗೊಮ್ಮೆ ಈಗೊಮ್ಮೆ. ಈ ಒಂದು ವಿಷಯ ತೀರ್ಮಾನ ಆದ ಮೇಲೆ ಉಳಿದ ನಿರ್ಧಾರಗಳಿಗೆ ಒಂದು ದಾರಿ ಸಿಕ್ಕಿತು. ಎಲ್ಲಾ ಲೂರ್‌ಗೂ ಒಂದೇ ರೀಲ್ ಹುಡುಕುತ್ತಾ ಹೋದರೆ ಕೊನೆಗೆ ಯಾವುದಕ್ಕೂ ಸರಿಹೊಂದದ ರೀಲ್ ಕೈಗೆ ಬರುತ್ತೆ.

ಸೈಜ್ ನಂಬರ್ ಮತ್ತು ದಾರ

100, 150, 200, 300, 400 ಅಂತ ರೀಲ್ ಮೇಲೆ ಇರುವ ನಂಬರ್ ಎಲ್ಲರಿಗೂ ಗೊತ್ತು. ಆದರೆ ಇದಕ್ಕೆ ಕಂಪನಿಗಳ ನಡುವೆ ಒಂದೇ ಅಳತೆಗೋಲು ಇಲ್ಲ. ಒಬ್ಬರ 300 ಇನ್ನೊಬ್ಬರ 300ಕ್ಕಿಂತ ದಪ್ಪ ಇರಬಹುದು, ಅಗಲ ಇರಬಹುದು. ಹಾಗಾಗಿ ನಂಬರ್ ಬಿಟ್ಟು ಎರಡೇ ವಿಷಯ ನೋಡಿದೆ: ಸ್ಪೂಲ್‌ನ ವ್ಯಾಸ, ಮತ್ತು ನನ್ನ ದಾರ ಎಷ್ಟು ಮೀಟರ್ ಹಿಡಿಯುತ್ತೆ.

ನಾನು ಹಾಕುವುದು 0.45 ಮಿ.ಮೀ. ದಾರ, ಅಂದರೆ ಸುಮಾರು 25 ಪೌಂಡ್ ಎಳೆತ ತಡೆಯುವಂಥದ್ದು. ರೀಲ್‌ನ ಪೆಟ್ಟಿಗೆ ಮೇಲೆ ಹೆಚ್ಚಾಗಿ ತೆಳು ದಾರದ ಲೆಕ್ಕ ಕೊಟ್ಟಿರುತ್ತಾರೆ. ಅದನ್ನು ಬದಲಾಯಿಸುವುದು ಸುಲಭ. ದಾರ ಸ್ಪೂಲ್‌ನಲ್ಲಿ ತಿನ್ನುವ ಜಾಗ ವ್ಯಾಸದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತೆ. 0.33 ಮಿ.ಮೀ. ದಾರ 150 ಮೀಟರ್ ಹಿಡಿಯುತ್ತೆ ಅಂದರೆ, 0.45ರದ್ದು ಹಿಡಿಯುವುದು ಸುಮಾರು 80 ಮೀಟರ್ ಮಾತ್ರ. ನೋಡೋಕೆ ದಾರ ಸ್ವಲ್ಪವೇ ದಪ್ಪ, ಆದರೆ ಅರ್ಧದಷ್ಟು ಉದ್ದ ಹೋಗಿಬಿಡುತ್ತೆ.

80 ಮೀಟರ್ ಸಾಕಾಗಲ್ವಾ? ಎಸೆಯೋಕೆ ಸಾಕು. ಆದರೆ ಎಸೆದ ಮೇಲೆ ಸ್ಪೂಲ್ ಎಷ್ಟು ಸಣ್ಣದಾಗುತ್ತೆ ಅನ್ನೋದೇ ನಿಜವಾದ ಪ್ರಶ್ನೆ. ಅದಕ್ಕೆ ಈಗ ಬರುತ್ತೇನೆ.

ಪೆಟ್ಟಿಗೆ ಮೇಲಿನ ರೇಶಿಯೋ ಪೂರ್ತಿ ಕಥೆ ಹೇಳಲ್ಲ

ಸ್ವಿಮ್‌ಬೈಟ್ ಅಂದ ಕೂಡಲೇ ಎಲ್ಲರೂ ಹೇಳುವ ಮಾತು: "ಕಡಿಮೆ ರೇಶಿಯೋ ತಗೋ, ಎಳೆಯೋಕೆ ಶಕ್ತಿ ಇರುತ್ತೆ." ರೇಶಿಯೋ ಅಂದರೆ ಹ್ಯಾಂಡಲ್ ಒಂದು ಸುತ್ತು ತಿರುಗಿದಾಗ ಸ್ಪೂಲ್ ಎಷ್ಟು ಸುತ್ತು ಬರುತ್ತೆ ಅನ್ನೋ ಲೆಕ್ಕ. ಈ ಮಾತನ್ನು ಪರೀಕ್ಷಿಸದೆ ಒಪ್ಪಿಕೊಳ್ಳಲು ಮನಸ್ಸು ಬರಲಿಲ್ಲ. ನನ್ನ ಹತ್ತಿರ ಒಂದು 200 ಸೈಜಿನ ರೀಲ್ ಇತ್ತು. 300 ಮತ್ತು 400 ಸೈಜಿನವು ಗೆಳೆಯರಿಂದ ಸ್ವಲ್ಪ ಕಾಲಕ್ಕೆ ಸಿಕ್ಕವು. ಮೂರನ್ನೂ ಟೇಬಲ್ ಮೇಲಿಟ್ಟು ಕ್ಯಾಲಿಪರ್ ಹಿಡಿದು ಕೂತೆ.

200ರ ಸ್ಪೂಲ್ ವ್ಯಾಸ 34 ಮಿ.ಮೀ., ರೇಶಿಯೋ 7.4. ಸುತ್ತಳತೆಯನ್ನು ರೇಶಿಯೋದಿಂದ ಗುಣಿಸಿದರೆ ಹ್ಯಾಂಡಲ್‌ನ ಒಂದು ಸುತ್ತಿಗೆ 79 ಸೆಂ.ಮೀ. ದಾರ. 400ರ ಸ್ಪೂಲ್ 43 ಮಿ.ಮೀ., ರೇಶಿಯೋ ಬರೀ 5.8. ಒಂದು ಸುತ್ತಿಗೆ 78 ಸೆಂ.ಮೀ. ಒಂದು 'ಫಾಸ್ಟ್', ಇನ್ನೊಂದು 'ಸ್ಲೋ' ಅಂತ ಮಾರುವ ಎರಡು ರೀಲ್, ದಾರ ಸುತ್ತುವುದು ಹೆಚ್ಚುಕಡಿಮೆ ಒಂದೇ ಸಮ! 300ರದ್ದು 38 ಮಿ.ಮೀ., 6.2, ಅದು 74 ಸೆಂ.ಮೀ.

ಇದು ಸ್ಪೂಲ್ ತುಂಬಿದ್ದಾಗಿನ ಲೆಕ್ಕ. 35 ಮೀಟರ್ ದೂರಕ್ಕೆ ಎಸೆದ ಮೇಲೆ ಚಿತ್ರ ಬದಲಾಗುತ್ತೆ. ಅಷ್ಟು ದಪ್ಪ ದಾರ ಹೊರಗೆ ಹೋದಾಗ 200ರ ಸಣ್ಣ ಸ್ಪೂಲ್ ಬಹಳ ಸೊರಗುತ್ತೆ. ಸ್ಪೂಲ್‌ನ ಅಗಲವನ್ನೂ ಸೇರಿಸಿ ಲೆಕ್ಕ ಹಾಕಿದರೆ ಸುತ್ತಿಗೆ 79 ಇದ್ದದ್ದು ಸುಮಾರು 63ಕ್ಕೆ ಇಳಿಯುತ್ತೆ. 400ರಲ್ಲಿ 78 ಇದ್ದದ್ದು 71ರ ಹತ್ತಿರ ನಿಲ್ಲುತ್ತೆ. ಮೀನು ಕಚ್ಚಿ ನಮ್ಮ ಕಡೆಗೇ ಓಡಿಬಂದರೆ ಸಡಿಲವಾದ ದಾರವನ್ನು ಬೇಗ ಸುತ್ತಿಕೊಳ್ಳಬೇಕು. ದೂರದಲ್ಲಿ ಕಚ್ಚಿದಾಗ ಅದು ಎಲ್ಲಕ್ಕಿಂತ ಮುಖ್ಯ. ಸಣ್ಣ ಸ್ಪೂಲ್ ಸೊರಗಿರುವುದೂ ಆಗಲೇ. ದೊಡ್ಡ ಸ್ಪೂಲ್ ಬೇಕು ಅನ್ನೋದಕ್ಕೆ ನನ್ನ ಮಟ್ಟಿಗೆ ಇದೇ ದೊಡ್ಡ ಕಾರಣ. ದಾರ ಜಾಸ್ತಿ ಹಿಡಿಯುತ್ತೆ ಅನ್ನೋದು ಆಮೇಲಿನ ಮಾತು.

ಶಕ್ತಿ ಬರುವುದು ಹ್ಯಾಂಡಲ್‌ನಿಂದ

ಹಾಗಾದರೆ ಎಳೆಯುವ ಶಕ್ತಿ? ಕೈ ಒಂದು ಸುತ್ತು ಬರುವಾಗ ನಾಬ್ (ಹ್ಯಾಂಡಲ್ ತುದಿಯ ಹಿಡಿ) ಎಷ್ಟು ದೂರ ಸಾಗುತ್ತೆ, ಅಷ್ಟರಲ್ಲಿ ದಾರ ಎಷ್ಟು ಒಳಗೆ ಬರುತ್ತೆ ಅನ್ನೋದರ ಮೇಲೆ ಅದು ನಿಂತಿದೆ. ಉದ್ದ ಹಿಡಿಯ ಸ್ಪ್ಯಾನರ್‌ನಲ್ಲಿ ಬಿಗಿಯಾದ ನಟ್ ಸುಲಭವಾಗಿ ಬಿಚ್ಚುತ್ತಲ್ಲ, ಹಾಗೆಯೇ. ನನ್ನ 200ರ ಹ್ಯಾಂಡಲ್ ಈ ತುದಿಯಿಂದ ಆ ತುದಿಗೆ 90 ಮಿ.ಮೀ. 400ರದ್ದು 115ರ ಹತ್ತಿರ. ಸುತ್ತಿಗೆ ಒಂದೇ ಸಮ ದಾರ ಬರುವಾಗ ಈ ಉದ್ದದ ವ್ಯತ್ಯಾಸವೊಂದೇ ಕೈಗೆ ಕಾಲು ಭಾಗಕ್ಕಿಂತ ಹೆಚ್ಚು ಅನುಕೂಲ ಕೊಡುತ್ತೆ.

ಗೇರ್‌ನ ಗಾತ್ರ ಬೇರೆ ಮಾತು, ಅದನ್ನೂ ಮರೆಯಬಾರದು. ದೊಡ್ಡ ರೀಲ್‌ಗಳಲ್ಲಿ ಗೇರ್ ದೊಡ್ಡದು, ಹಲ್ಲುಗಳು ದಪ್ಪ. ಭಾರದ ಲೂರ್‌ನ ಎಳೆತವನ್ನು ಅವು ವರ್ಷಗಟ್ಟಲೆ ತಡೆಯುತ್ತವೆ. ನನ್ನ 200ಕ್ಕೆ 100 ಗ್ರಾಂ ಲೂರ್ ಕಟ್ಟಿ ಸುತ್ತುವಾಗ ಗೇರ್ ಒಳಗಿನ ಸಣ್ಣ ಗರಗರ ಬೆರಳಿಗೆ ತಿಳಿಯುತ್ತಿತ್ತು. 300ರಲ್ಲಿ ಅದೇ ಲೂರ್‌ಗೆ ಏನೂ ತಿಳಿಯಲಿಲ್ಲ. ಫ್ರೇಮ್ ಅಲ್ಯೂಮಿನಿಯಂ ಇರಬೇಕು ಅನ್ನೋದೂ ಇದಕ್ಕೇ. ಭಾರ ಬಿದ್ದಾಗ ಫ್ರೇಮ್ ಸ್ವಲ್ಪ ಬಾಗಿದರೂ ಗೇರ್ ಹಲ್ಲುಗಳು ಸರಿಯಾಗಿ ಕೂರುವುದಿಲ್ಲ.

ನಾಬ್ ಬಗ್ಗೆ ಒಂದೇ ಮಾತು: ದಪ್ಪ ಇರಲಿ. ಒದ್ದೆ ಕೈಯಲ್ಲಿ ಸಣ್ಣ ನಾಬ್ ಜಾರುತ್ತೆ.

ನೀರಿಗೆ ಒಯ್ದಾಗ

ಟೇಬಲ್ ಲೆಕ್ಕ ಮುಗಿದ ಮೇಲೆ ಮೂರನ್ನೂ ಒಂದೇ ರಾಡ್‌ಗೆ ಹಾಕಿ ಎಸೆದೆ. ಎಂಟು ಅಡಿಯ ಹೆವಿ ರಾಡ್. ಲೂರ್ ಕೂಡ ಒಂದೇ, 110 ಗ್ರಾಂನ ಗ್ಲೈಡ್‌ಬೈಟ್.

ಲೆಕ್ಕದಲ್ಲಿ ಗೆದ್ದ 400 ಕೈಯಲ್ಲಿ ಸೋತಿತು. ರೀಲ್ ಎಳೆಯುವುದರಲ್ಲಿ ಯಾವ ಕೊರತೆಯೂ ಇಲ್ಲ. ಆದರೆ ಗ್ಲೈಡ್‌ಬೈಟ್ ಆಡಿಸುವಾಗ ಎಡಗೈ ಇಡೀ ಹೊತ್ತು ರೀಲ್ ಅನ್ನು ಅಂಗೈಯಲ್ಲಿ ಅಪ್ಪಿ ಹಿಡಿದಿರಬೇಕು. ಅಗಲದ ಸ್ಪೂಲ್ ಇರುವ ರೀಲ್ ಅಂಗೈಗೆ ಕೂರುವುದಿಲ್ಲ. ಹೆಬ್ಬೆರಳಿನ ಬುಡದಲ್ಲಿ ನೋವು ಶುರುವಾಯಿತು. ಹಗುರದ 45 ಗ್ರಾಂ ಲೂರ್ ಕಟ್ಟಿದಾಗ ಇನ್ನೊಂದು ಕೊರತೆ ಕಂಡಿತು. ದಾರ ತುಂಬಿದ ದೊಡ್ಡ ಸ್ಪೂಲ್ ಭಾರವಾಗಿರುತ್ತೆ, ಅದನ್ನು ತಿರುಗಿಸಿ ವೇಗಕ್ಕೆ ತರಲು ಹಗುರ ಲೂರ್‌ಗೆ ಶಕ್ತಿ ಸಾಲುವುದಿಲ್ಲ. ದಿನವಿಡೀ 150 ಗ್ರಾಂ ಮೇಲಿನವನ್ನೇ ಎಸೆಯುವವರಿಗೆ 400 ಸರಿಯಾದ ರೀಲ್. ನನಗಲ್ಲ.

200 ರೀಲ್ 45 ಗ್ರಾಂ ಲೂರ್‌ಗೆ ಈಗಲೂ ಚೆನ್ನಾಗಿದೆ, ಅದನ್ನು ಹಾಗೇ ಇಟ್ಟುಕೊಳ್ಳುತ್ತೇನೆ. 300 ಎರಡರ ನಡುವೆ ಸರಿಯಾಗಿ ಕೂತಿತು. ಅಂಗೈಯಲ್ಲಿ ಹಿಡಿಯಬಹುದು, 110 ಗ್ರಾಂ ಎಸೆದರೂ ಬಿಗಿಯಾಗಿದೆ.

ಆದರೆ 6.2 ರೇಶಿಯೋದಲ್ಲಿ ಗ್ಲೈಡ್‌ಬೈಟ್ ಆಡಿಸುವಾಗ ಒಂದು ಕೊರತೆ ಅನಿಸಿತು. ಗ್ಲೈಡ್‌ಬೈಟ್ ನೇರ ಎಳೆದರೆ ಸುಮ್ನೆ ಹಾವಿನ ನಡೆಯಲ್ಲಿ ಬರುತ್ತೆ. ಹ್ಯಾಂಡಲ್ ಅರ್ಧ ಸುತ್ತು ಥಟ್ಟನೆ ತಿರುಗಿಸಿ ನಿಲ್ಲಿಸಿದರೆ ಎಡಕ್ಕೆ ಜಾರುತ್ತೆ, ಮತ್ತರ್ಧ ಸುತ್ತಿಗೆ ಬಲಕ್ಕೆ. ಆ ಅರ್ಧ ಸುತ್ತಿನಲ್ಲಿ ಮೊದಲು ಸಡಿಲ ದಾರ ಬಿಗಿಯಾಗಬೇಕು, ಆಮೇಲೆ ತಾನೇ ಲೂರ್‌ಗೆ ತಳ್ಳು ಸಿಗುವುದು. ದೂರದಲ್ಲಿ, ಸ್ಪೂಲ್ ಸೊರಗಿದಾಗ, 6.2ರ ಅರ್ಧ ಸುತ್ತು ಸಡಿಲ ದಾರ ಸುತ್ತುವುದರಲ್ಲೇ ಮುಗಿಯುತ್ತಿತ್ತು. ಲೂರ್ ಅರ್ಧ ಮನಸ್ಸಿನಲ್ಲಿ ತಿರುಗುತ್ತಿತ್ತು.

ಆಯ್ಕೆ

ಈ ವರ್ಗದಲ್ಲಿ ಹೆಸರು ಮಾಡಿದ ರೀಲ್‌ಗಳು ಎಲ್ಲರಿಗೂ ಗೊತ್ತಿರುವವೇ: ಶಿಮಾನೋ ಟ್ರಾಂಕ್ಸ್, ಡೈವಾ ಲೆಕ್ಸಾ, ಟಟೂಲಾ 300. ದುಂಡನೆಯ ರೀಲ್ ಇಷ್ಟಪಡುವವರಿಗೆ ಆಬು ಗಾರ್ಸಿಯಾ ಆಂಬಾಸಡರ್, ಶಿಮಾನೋ ಕಲ್ಕಟ್ಟಾ ಇವೆ. ದುಂಡನೆಯವು ಗಟ್ಟಿಮುಟ್ಟು, ನೋಡೋಕೂ ಚೆಂದ. ಆದರೆ ರಾಡ್ ಮೇಲೆ ಎತ್ತರ ಕೂರುತ್ತವೆ, ಅಂಗೈಯಲ್ಲಿ ಹಿಡಿದು ಗ್ಲೈಡ್‌ಬೈಟ್ ಆಡಿಸೋಕೆ ತಗ್ಗಿನ ರೀಲ್ ಮೇಲು ಅಂತ ನನ್ನ ಅಭಿಪ್ರಾಯ.

ಕೊನೆಗೆ ತೀರ್ಮಾನಿಸಿದ್ದು 300 ಸೈಜ್, 38 ಮಿ.ಮೀ. ಸ್ಪೂಲ್, 7.1 ರೇಶಿಯೋ, 115 ಮಿ.ಮೀ. ಹ್ಯಾಂಡಲ್. ಸುತ್ತಿಗೆ ಸುಮಾರು 85 ಸೆಂ.ಮೀ.; ದೂರ ಎಸೆದ ಮೇಲೂ 73ರ ಹತ್ತಿರ. "ಸ್ವಿಮ್‌ಬೈಟ್‌ಗೆ 7.1ಆ?" ಅಂತ ಕೇಳುವವರಿಗೆ ಉತ್ತರ ಲೆಕ್ಕದಲ್ಲೇ ಇದೆ. ಹ್ಯಾಂಡಲ್ ಉದ್ದ ಇರುವುದರಿಂದ ಇದರ ಎಳೆತ ನನ್ನ ಹಳೆಯ 200ಕ್ಕಿಂತ ಕೈಗೆ ಹಗುರ. ದಾರವೂ ಜಾಸ್ತಿ ಬರುತ್ತೆ.

ಕೂರಿಸಿದ್ದು ಹೀಗೆ

ಮೊದಲು ಸ್ಪೂಲ್ ಟೆನ್ಷನ್, ಅಂದರೆ ಸ್ಪೂಲ್‌ನ ಬಿಗಿ. ಹೆಬ್ಬೆರಳಿಂದ ಸ್ಪೂಲ್ ಅನ್ನು ಪಕ್ಕಕ್ಕೆ ಅಲುಗಿಸಿ, ಆ ಅಲುಗಾಟ ನಿಲ್ಲುವ ಜಾಗದಲ್ಲಿ ಬಿಟ್ಟೆ. ಲೂರ್ ತೂಕಕ್ಕೆ ತಕ್ಕಂತೆ ಅದನ್ನು ಬಿಗಿ ಮಾಡುತ್ತಾ ಕೂರುವುದಿಲ್ಲ, ಉಳಿದದ್ದನ್ನು ಬ್ರೇಕ್ ನೋಡಿಕೊಳ್ಳಲಿ.

ಎಸೆದಾಗ ಸ್ಪೂಲ್ ಅತಿ ವೇಗವಾಗಿ ತಿರುಗದಂತೆ ತಡೆಯುವ ಬ್ರೇಕ್ ಎರಡು ಬಗೆ. ಸೆಂಟ್ರಿಫ್ಯೂಗಲ್ ಬ್ರೇಕ್‌ನಲ್ಲಿ ಸಣ್ಣ ಗುಂಡಿಗಳು ಹೊರಕ್ಕೆ ಚಿಮ್ಮಿ ಸುತ್ತಿನ ಅಂಚಿಗೆ ಉಜ್ಜುತ್ತವೆ. ಸ್ಪೂಲ್ ವೇಗ ಎರಡು ಪಟ್ಟಾದರೆ ಅವು ಒತ್ತುವ ಬಲ ನಾಲ್ಕು ಪಟ್ಟು. ಅಂದರೆ ಎಸೆತದ ಶುರುವಿನಲ್ಲಿ ಗಟ್ಟಿ ಹಿಡಿತ, ಕೊನೆಗೆ ಪೂರ್ತಿ ಸಡಿಲ. ಮ್ಯಾಗ್ನೆಟ್ ಬ್ರೇಕ್‌ನ ಹಿಡಿತ ವೇಗದ ಜೊತೆ ಸಮನಾಗಿ ಏರಿಳಿಯುತ್ತೆ, ಹಾಗಾಗಿ ಎಸೆತದ ಕೊನೆಯಲ್ಲೂ ಸ್ವಲ್ಪ ಉಳಿದಿರುತ್ತೆ. ಭಾರದ ಲೂರ್‌ಗೆ ಎರಡೂ ನಡೆಯುತ್ತವೆ. ತೊಂದರೆ ಕೊಡುವುದು ಎದುರುಗಾಳಿ. ಗ್ಲೈಡ್‌ಬೈಟ್‌ನ ಪಕ್ಕೆ ಅಗಲ, ಗಾಳಿಯಲ್ಲಿ ಪಲ್ಟಿ ಹೊಡೆದು ಥಟ್ಟನೆ ನಿಧಾನವಾಗುತ್ತೆ. ಸ್ಪೂಲ್ ಮಾತ್ರ ಅದೇ ವೇಗದಲ್ಲಿ ತಿರುಗುತ್ತಿರುತ್ತೆ, ದಾರ ಗೂಡು ಕಟ್ಟುತ್ತೆ. 110 ಗ್ರಾಂ ಲೂರ್ ಹಾರುತ್ತಿರುವಾಗ ಸಿಕ್ಕು ಬಿದ್ದರೆ ದಾರ ತುಂಡಾಗಿ ಲೂರ್ ಒಂದೇ ಹೋಗಿಬಿಡಬಹುದು. ಅದಕ್ಕೇ ಗಾಳಿ ಇದ್ದಾಗ ಒಂದೆರಡು ಹಂತ ಜಾಸ್ತಿ ಬ್ರೇಕ್ ಇಡುತ್ತೇನೆ. ಎಸೆತವೂ ಝಾಡಿಸಿ ಅಲ್ಲ. ರಾಡ್ ಪೂರ್ತಿ ಬಾಗುವಂತೆ ನಿಧಾನಕ್ಕೆ ಬೀಸಿ ಬಿಡುವುದು.

ಡ್ರ್ಯಾಗ್ ಅಂದರೆ ಮೀನು ಜೋರಾಗಿ ಎಳೆದಾಗ ದಾರ ತುಂಡಾಗದೆ ಜಾರಿ ಹೋಗಲು ಬಿಡುವ ಹಿಡಿತ. ಅದನ್ನು ಅಳೆಯಲು ಲಗೇಜ್ ತೂಗುವ ಸ್ಪ್ರಿಂಗ್ ತಕ್ಕಡಿ ಸಾಕು. 25 ಪೌಂಡ್ ಅಂದರೆ 11.3 ಕೆಜಿ. ಅದರ ಕಾಲು ಭಾಗಕ್ಕಿಂತ ಚೂರು ಮೇಲೆ, 3 ಕೆಜಿಗೆ ಜಾರುವಂತೆ ಇಟ್ಟೆ. ಇದನ್ನು ಸ್ಪೂಲ್ ತುಂಬಿದ್ದಾಗ ಅಳೆದದ್ದು ಅಂತ ನೆನಪಿರಲಿ. ದಾರ ಹೊರಗೆ ಹೋಗಿ ಸ್ಪೂಲ್ ಸಣ್ಣದಾದಂತೆ ಅದೇ ಡ್ರ್ಯಾಗ್ ಬಿಗಿಯಾಗುತ್ತಾ ಹೋಗುತ್ತೆ; 35 ಮೀಟರ್ ಆಚೆ ಅದು ಸುಮಾರು ಮೂರೂವರೆ ಕೆಜಿ. ಕೆಲವು ರೀಲ್‌ಗಳು 8–10 ಕೆಜಿ ಡ್ರ್ಯಾಗ್ ಅಂತ ದೊಡ್ಡದಾಗಿ ಹೇಳಿಕೊಳ್ಳುತ್ತವೆ. ಈ ದಾರಕ್ಕೆ ಅದರ ಅರ್ಧವೂ ಬೇಡ. ಡ್ರ್ಯಾಗ್ ತಡವರಿಸದೆ ನುಣುಪಾಗಿ ಶುರುವಾಗಬೇಕು, ನಾನು ನೋಡುವುದು ಅದನ್ನೇ.

ಬಾಕಿ ಇರುವುದು ಮೆತ್ತನೆ ಲೂರ್‌ಗಳ ವಿಷಯ. ಅವನ್ನು ತಳಕ್ಕೆ ತಾಗಿಸಿಕೊಂಡು ಆದಷ್ಟು ನಿಧಾನ ತರಬೇಕು. ಸುತ್ತಿಗೆ 85 ಸೆಂ.ಮೀ. ಬರುವ ರೀಲ್‌ನಲ್ಲಿ ಕೈ ಎಷ್ಟೇ ತಡೆದರೂ ವೇಗ ಏರಿಬಿಡುತ್ತೆ, ಹ್ಯಾಂಡಲ್ ಎಳೆದೆಳೆದು ತಿರುಗುತ್ತೆ. ಅದಕ್ಕೆ ಅದೇ 300, 6.2 ರೇಶಿಯೋದ್ದು ಸರಿ. ಗೆಳೆಯನ ರೀಲ್ ಇನ್ನೂ ಸ್ವಲ್ಪ ಕಾಲ ನನ್ನ ಹತ್ತಿರವೇ ಇರುತ್ತೆ. ಅದಕ್ಕೆ ನೈಲಾನ್ ದಾರ ತೆಗೆದು ಫ್ಲೋರೋಕಾರ್ಬನ್ ದಾರ ಸುತ್ತಿದ್ದೇನೆ. ಅದರ ಸಾಂದ್ರತೆ ನೀರಿನ 1.78 ಪಟ್ಟು, ನೈಲಾನ್‌ಗಿಂತ ಬೇಗ ಮುಳುಗುತ್ತೆ, ಲೂರ್ ಅನ್ನು ಮೇಲಕ್ಕೆ ಎತ್ತುವುದಿಲ್ಲ. ಆಳದಲ್ಲಿ ಎಂಟು ಇಂಚಿನ ಲೂರ್ ಇದರಲ್ಲಿ ಹೇಗೆ ನಡೆಯುತ್ತೆ ಅಂತ ಮುಂದಿನ ಸಲ ಬರೆಯುತ್ತೇನೆ.